ಮಿಕ್ಸಿಗೆ ಬೈಯದ ಭಾನುವಾರ

ಕಾಪುವಿನಲ್ಲಿರುವ ನನ್ನ ತಂಗಿಯ ಮನೆಯ ಮಿಕ್ಸಿಗೆ ಒಬ್ಬಳು ಶತ್ರು ಇದ್ದಾಳೆ. ಮಧ್ಯಾಹ್ನದ ಸಾರಿಗೆಂದು ತೆಂಗಿನತುರಿ, ಹುರಿದ ಮೆಣಸು, ಕೊತ್ತಂಬರಿ, ಒಂದಿಷ್ಟು ಹುಣಿಸೆಹುಳಿ ತುಂಬಿ ತಂಗಿ ಸ್ವಿಚ್ಚು ಒತ್ತಿದಳೋ ಇಲ್ಲವೋ, ಕಿಟಕಿಯ ಪಕ್ಕದ ಮಂಚದಿಂದ ಅಷ್ಟೇ ಶ್ರುತಿಯಲ್ಲಿ, ಕೆಲವೊಮ್ಮೆ ಅದಕ್ಕಿಂತ ಒಂದು ಕೈ ಮೇಲಾಗಿಯೇ, "ಊಂ... ಆಂ..." ಎಂಬ ಪ್ರತಿಭಟನೆ ಏಳುತ್ತದೆ. ಮಿಕ್ಸಿ ನಿಂತರೆ ಪ್ರತಿಭಟನೆಯೂ ನಿಲ್ಲುತ್ತದೆ. ಮತ್ತೆ ತಿರುಗಿದರೆ ಮತ್ತೆ ಶುರು. ಹೀಗೆ ಬೈಯುವವಳು ಚಿನ್ನು, ನನ್ನ ತಂಗಿ ಸುಮನಾಳ ಒಬ್ಬಳೇ ಮಗಳು. ಶಾಲೆಗೆ ಹೋಗುವ ವಯಸ್ಸು ಬಂದು ಎಷ್ಟೋ ಕಾಲವಾಗಿದ್ದರೂ ಅವಳಿಗೆ ಮಾತು ಬಂದಿಲ್ಲ, ಕುತ್ತಿಗೆ ನಿಂತಿಲ್ಲ, ಕೈಗೆ ಕೊಟ್ಟದ್ದನ್ನು ಹಿಡಿಯಲು ಬರುವುದಿಲ್ಲ. ಹುಟ್ಟಿನಿಂದಲೇ ಮೆದುಳಿಗೆ ಅಂಟಿಕೊಂಡ ಕಾಯಿಲೆ. ಗುಣವಾಗುವಂಥದ್ದಲ್ಲ, ವರ್ಷದಿಂದ ವರ್ಷಕ್ಕೆ ಒಂದಿಷ್ಟೊಂದಿಷ್ಟೇ ಕಸಿದುಕೊಂಡು ಹೋಗುವಂಥದ್ದು. ಆದರೆ ಮಿಕ್ಸಿಗೆ ಬೈಯುವುದು ಮಾತ್ರ ಅವಳಿಗೆ ಚೆನ್ನಾಗಿ ಬರುತ್ತದೆ. ಕಾರ್ಕಳದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಆ ಬೈಗುಳವನ್ನು ಕೇಳಲೆಂದೇ ವಾರದ ಕೊನೆಗೆ ಬಸ್ಸು ಹತ್ತಿ ಕಾಪುವಿಗೆ ಬರುತ್ತೇನೆ ಎಂದರೆ ನೀವು ನಗಬಾರದು.

ಕನ್ನಡದ ಮೇಷ್ಟ್ರುಗಳಿಗೆ ಒಂದು ಚಾಳಿ ಇರುತ್ತದೆ, ಎದುರಿಗೆ ಊಟ ಬಡಿಸಿದ್ದರೂ ಅನ್ನ ಎಂಬ ಶಬ್ದ ಎಲ್ಲಿಂದ ಬಂತು ಎಂದು ಯೋಚಿಸುತ್ತ ಸಾರು ತಣ್ಣಗಾಗಿಸಿಕೊಳ್ಳುವುದು. ನನಗೂ ಅದು ಉಂಟು. ಈಚೆಗೆ ನನ್ನ ತಲೆ ತಿನ್ನುತ್ತಿರುವ ಶಬ್ದ 'ಪಾಪ'. ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಗಳಿಗೆ ಪಾಪವೆಂದರೆ ಪುಣ್ಯದ ಎದುರಾಳಿ, ಇಲ್ಲವಾದರೆ 'ಅಯ್ಯೋ ಪಾಪ' ಎಂಬ ಮರುಕ. ನಮ್ಮ ಕರಾವಳಿಯಲ್ಲಿ ಹಾಗಲ್ಲ ನೋಡಿ. ಇಲ್ಲಿ 'ಅವ ಪಾಪದವ' ಎಂದರೆ ಯಾರ ತಂಟೆಗೂ ಹೋಗದ ಮನುಷ್ಯ. 'ಪಾಪದ ಮಗು' ಎಂದರೆ ಹಟವಿಲ್ಲದ, ಬೊಬ್ಬೆಯಿಲ್ಲದ, ಕೂರಿಸಿದಲ್ಲಿ ಕೂರುವ ಮಗು. ನಮ್ಮ ಮನೆಮಾತಾದ ತುಳುವಿನಲ್ಲೂ ಅದೇ ಶಬ್ದ, ಅದೇ ಮೆಚ್ಚುಗೆ. ಶಾಸ್ತ್ರಗಳು ಮನುಷ್ಯನನ್ನು ನರಕಕ್ಕೆ ಕಳುಹಿಸಲು ಬಳಸಿದ ಮಾತನ್ನು ನಾವು ಮಕ್ಕಳಿಗೆ ಸನ್ನಡತೆಯ ಸರ್ಟಿಫಿಕೇಟಾಗಿ ಬರೆದುಕೊಡುತ್ತಿದ್ದೇವೆ ಎಂದು ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸಿದ್ದೇನೆ. ಹಾಗೆ ನಗಿಸಿದ ಶಬ್ದವೇ ಒಂದು ಭಾನುವಾರ ನಮ್ಮನ್ನೆಲ್ಲ ಬೇಸ್ತು ಬೀಳಿಸಿತು.

ಅದನ್ನು ಹೇಳುವ ಮೊದಲು ಸಿಸ್ಟರ್ ಲವೀನಾರ ವಿಷಯ ಹೇಳಬೇಕು. ಮಣಿಪಾಲದ ಕಡೆಯಿಂದ ಮನೆಮನೆಗೆ ಬರುವ ಉಪಶಮನ ಆರೈಕೆಯ ತಂಡದ ದಾದಿ ಅವರು. ಉಪಶಮನ ಎನ್ನುವುದು ಎಷ್ಟು ಮೃದುವಾದ ಪದವೋ ತಂಗಿಯ ಬೀದಿಯಲ್ಲಿ ಅದಕ್ಕೆ ಅಷ್ಟೇ ಭಯಂಕರವಾದ ಅರ್ಥ. ಅವರ ವ್ಯಾನು ಗೇಟಿನ ಮುಂದೆ ನಿಂತರೆ ಸಾಕು, ಆಚೀಚೆ ಮನೆಯವರು ಟಿವಿಯ ಸದ್ದು ತಗ್ಗಿಸುತ್ತಾರೆ. 'ಇನ್ನು ಮದ್ದಿಲ್ಲ ಅಂತ ಆದವರಿಗಂತೆ ಅದು' ಎಂದು ಯಾರೋ ಯಾರಿಗೋ ಹೇಳಿದ್ದು ತಂಗಿಯ ಕಿವಿಗೂ ಬಿದ್ದಿದೆ. ಆದರೆ ಲವೀನಾ ಬರುವುದು ಮಗುವಿನ ಬಿಗಿದ ಕಾಲುಗಳನ್ನು ಸಡಿಲಿಸಲು, ಮಲಬದ್ಧತೆಗೆ ದಾರಿ ಹೇಳಲು, ನುಂಗುವಾಗ ತಲೆ ಹೇಗೆ ಹಿಡಿಯಬೇಕೆಂದು ತೋರಿಸಲು, ಆಮೇಲೆ ತಂಗಿ ಕರಿದ ಗೋಳಿಬಜೆಯನ್ನು ಯಾವ ಸಂಕೋಚವೂ ಇಲ್ಲದೆ ಇನ್ನೆರಡು ಕೇಳಿ ತಿನ್ನಲು. ಮೊದಲ ಸಲ ಬಂದಾಗ ಅವರು ಕಾಯಿಲೆಯ ಬಗ್ಗೆ ಏನೂ ಕೇಳದೆ, "ಇವಳ ಒಳ್ಳೆಯ ದಿನ ಹೇಗಿರ್ತದೆ, ಸುಮನಾ? ಖುಷಿ ಆದರೆ ಎಂತ ಮಾಡ್ತಾಳೆ? ಸಿಟ್ಟು ಬಂದರೆ?" ಎಂದು ಕೇಳಿದ್ದರಂತೆ. ಎಷ್ಟೋ ಆಸ್ಪತ್ರೆಗಳ ಬೆಂಚುಗಳಲ್ಲಿ ಕುಳಿತೆದ್ದ ನನ್ನ ತಂಗಿಗೆ ಆ ತನಕ ಯಾರೂ ಮಗಳ ಒಳ್ಳೆಯ ದಿನದ ಬಗ್ಗೆ ಕೇಳಿರಲಿಲ್ಲ. ಹೇಳುತ್ತ ಹೋದವಳಿಗೆ ನಿಲ್ಲಿಸಲಿಕ್ಕೇ ಆಗಲಿಲ್ಲ ಎಂದು ಆಮೇಲೆ ಫೋನಿನಲ್ಲಿ ನನಗೆ ಹೇಳಿದಳು, ಸ್ವಲ್ಪ ನಾಚಿಕೆಯಿಂದಲೇ.

ಆ ಪ್ರಶ್ನೆಯ ಬೆಲೆ ನನಗೆ ಆಗ ಹೊಳೆಯಲಿಲ್ಲ. ನೀವೇ ಯೋಚಿಸಿ. ನಿಮ್ಮ ಮಗುವೋ ನನ್ನ ಪಕ್ಕದ ಮನೆಯ ಮಗುವೋ ಜ್ವರ ಬಂದು ಮಲಗಿದರೆ ಗುರುತಿಸುವುದು ಸುಲಭ. ನಿನ್ನೆ ಓಡಿದ್ದು ಇವತ್ತು ಓಡುತ್ತಿಲ್ಲ, ನಿನ್ನೆ ಹರಟಿದ್ದು ಇವತ್ತು ಸುಮ್ಮನಿದೆ. ಆದರೆ ಎಂದೂ ಓಡದ, ಎಂದೂ ಹರಟದ ಮಗುವಿಗೆ ಹುಷಾರಿಲ್ಲ ಎನ್ನುವುದು ಹೇಗೆ? ಯಾರಾದರೂ ಬಂದು 'ಮಗು ಹೇಗುಂಟು' ಎಂದು ಕೇಳಿದರೆ ತಂಗಿ 'ಹಾಗೇ ಉಂಟು' ಎನ್ನುತ್ತಾಳೆ. ಎಷ್ಟು ಅನುಕೂಲದ ಮಾತು ಇದು! ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ವಿವರಿಸುವ ಕಷ್ಟವಿಲ್ಲ. ಆದರೆ ಆ 'ಹಾಗೇ' ಎಂಬ ಕಂಬಳಿಯ ಅಡಿಯಲ್ಲಿ ಕಿವಿನೋವು ಮಲಗಿರಬಹುದು, ಹಲ್ಲುನೋವು ಮಲಗಿರಬಹುದು, ಇನ್ನೂ ಏನೇನೋ ಇರಬಹುದು, ಕಂಬಳಿ ಎತ್ತಿ ನೋಡುವ ಮನಸ್ಸು ದಣಿದವರಿಗೆ ಬರುವುದಿಲ್ಲ.

ಆ ಭಾನುವಾರ ನಾನು ಹೋದಾಗ ಮನೆಯಲ್ಲಿ ಹಬ್ಬದ ಕಳೆ. ಪಡುಬಿದ್ರಿಯಿಂದ ಗಿರಿಜಕ್ಕ ಬಂದಿದ್ದರು. ತಂಗಿಯ ಗಂಡ ಹರೀಶನ ದೂರದ ಅಕ್ಕ, ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ಹರೀಶ ರಜೆಯಾದ್ದರಿಂದ ಮನೆಯಲ್ಲೇ ಇದ್ದು, ಒಳ್ಳೆಯ ಬಂಗುಡೆ ಮೀನು ತಂದು ಹಿತ್ತಲಲ್ಲಿ ಕುಳಿತು ತಾನೇ ಹಸನು ಮಾಡುತ್ತಿದ್ದ. ತಂಗಿಯ ಮುಖದಲ್ಲಿ ನಾನು ಎಷ್ಟೋ ಕಾಲದಿಂದ ಕಾಣದ ಒಂದು ತಿಳಿ ಇತ್ತು. "ಅಕ್ಕ, ನಿನ್ನೆ ಇಡೀ ರಾತ್ರಿ ನಿದ್ರೆ ಮಾಡಿದ್ದೇನೆ, ಗೊತ್ತುಂಟಾ? ಚಿನ್ನು ಒಮ್ಮೆ ಸಹ ಎಬ್ಬಿಸಲಿಲ್ಲ" ಎಂದಳು. ಹೊಸ ಸೀರೆ ಬಂದವಳಂತೆ ಹೇಳಿದಳು. ನಾನು ಚಿನ್ನುವಿನ ಬಳಿ ಕುಳಿತೆ. ಕಣ್ಣು ಅರೆ ಮುಚ್ಚಿ ಮಲಗಿದ್ದಳು. ಬೆಳಗಿನ ಗಂಜಿಯನ್ನು ಅರ್ಧಕ್ಕೇ ಬಿಟ್ಟಿದ್ದಾಳೆಂದು ತಿಳಿಯಿತು. ಜನ ಬಂದ ಗಲಾಟೆಗೆ ಇರಬೇಕು ಎಂದುಕೊಂಡೆವು. ಪಾದ ತಣ್ಣಗಿತ್ತು, ಫ್ಯಾನಿನ ಗಾಳಿಗೆ ಎಂದುಕೊಂಡೆವು. ಹೀಗೆ ಒಂದೊಂದಕ್ಕೂ ಒಂದೊಂದು ಒಳ್ಳೆಯ ಕಾರಣ ನಮ್ಮ ಹತ್ತಿರ ಸಿದ್ಧವಾಗಿತ್ತು, ಕಾರಣ ಹುಡುಕುವುದರಲ್ಲಿ ನಮ್ಮ ಮನೆಯವರು ಯಾವತ್ತೂ ಹಿಂದೆ ಬಿದ್ದವರಲ್ಲ.

ಗಿರಿಜಕ್ಕ ಮಂಚದ ಅಂಚಿಗೆ ಕುಳಿತು ಚಿನ್ನುವಿನ ತಲೆ ಸವರಿದರು. "ಕಳೆದ ಸಲ ಬಂದಾಗ ಎಂತ ಬೊಬ್ಬೆ ಮಾರಾಯ್ತಿ, ನನಗೆ ಮಂಡೆಬಿಸಿ ಆಗಿತ್ತು. ಇವತ್ತು ನೋಡು, ಎಷ್ಟು ಪಾಪ! ದೊಡ್ಡವಳಾದಳು ಅಲ್ವಾ?" ಎಂದರು. ಯಾರಿಗೆ ಬೇಡ ಆ ಹೊಗಳಿಕೆ? ಹರೀಶ ಹಿತ್ತಲಿನಿಂದಲೇ ನಕ್ಕ. ತಂಗಿ ಅಡುಗೆಮನೆಯಿಂದ, "ನಿಮ್ಮನ್ನು ನೋಡಿ ಹೆದರಿದ್ದು ಅವಳು" ಎಂದು ಚೇಷ್ಟೆ ಮಾಡಿದಳು. ನಾನೂ ನಕ್ಕೆ. ಮಗು ಪಾಪದ್ದಾಗಿದೆ, ಅಮ್ಮ ನಿದ್ರೆ ಮಾಡಿದ್ದಾಳೆ, ಮನೆಯಲ್ಲಿ ಬಂಗುಡೆ ಇದೆ, ಭಾನುವಾರಕ್ಕೆ ಇನ್ನೇನು ಬೇಕು ಎನ್ನುವ ಸ್ಥಿತಿಯಲ್ಲಿ ನಾವಿದ್ದೆವು.

ಅಷ್ಟರಲ್ಲಿ ಮಿಕ್ಸಿ ತಿರುಗಿತು. ತಿರುಗಿ ತಿರುಗಿ ಮಸಾಲೆ ನುಣ್ಣಗಾಗಿ ನಿಂತಿತು. ಗಿರಿಜಕ್ಕ ತಮ್ಮ ಸೊಸೆಯ ವಿಷಯ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ತಂಗಿ ಕೈಯಲ್ಲಿ ಮಸಾಲೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಮಗಳನ್ನು ನೋಡಿದಳು. ತಿರುಗಿ ಒಳಗೆ ಹೋದಳು. ಮಿಕ್ಸಿ ಮತ್ತೆ ತಿರುಗಿತು. ಈ ಸಲ ಸದ್ದು ಬೇರೆಯಾಗಿತ್ತು, ಜಾರಿನಲ್ಲಿ ಏನೂ ಇರಲಿಲ್ಲ, ಬರಿದೇ ಕರಕರ ಎಂದು ಕಿವಿ ಕೊರೆಯುವಂತೆ ತಿರುಗುತ್ತಿತ್ತು. "ಎಂತ ಮಾಡ್ತೀಯಾ ಸುಮನಾ, ಸುಟ್ಟು ಹೋಗ್ತದೆ ಅದು!" ಎಂದು ಹರೀಶ ಹಿತ್ತಲಿನಿಂದ ಕೂಗಿದ. ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದಾಗ ಇಡೀ ಮನೆ ನಿಶ್ಶಬ್ದವಾಯಿತು, ಮಂಚದಿಂದ ಒಂದು 'ಊಂ' ಕೂಡ ಬರಲಿಲ್ಲ. ತಂಗಿ ಓಡಿ ಬಂದಳು. "ಅಕ್ಕ, ಇವಳು ಇವಳ ಹಾಗಿಲ್ಲ" ಎಂದಳು.

ನಾನು ಥರ್ಮಾಮೀಟರ್ ತಂದೆ. ಜ್ವರವಿರಲಿಲ್ಲ. ನನಗೆ ಒಂದು ಕ್ಷಣ ನಿರಾಳವೇ ಆಯಿತು, ತಂಗಿಗೆ ಆಗಲಿಲ್ಲ. ಅವಳು ಆಗಲೇ ಲವೀನಾರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದಳು. ಆ ಕಡೆಯಿಂದ ಇಗರ್ಜಿಯ ಅಂಗಳದ ಗೌಜು ಕೇಳುತ್ತಿತ್ತು, ಚರ್ಚಿನ ಭಾನುವಾರದ ಪೂಜೆ ಮುಗಿಸಿ ಹೊರಗೆ ಬಂದಿದ್ದರೆಂದು ಕಾಣುತ್ತದೆ. "ಜ್ವರ ಇಲ್ಲದಿದ್ದರೆ ಇಲ್ಲ, ಇಂಥ ಮಕ್ಕಳಿಗೆ ಕೆಲವೊಮ್ಮೆ ಮೈ ಬಿಸಿಯೇ ಆಗುವುದಿಲ್ಲ" ಎಂದರು. "ಅಂಗಿ ಎತ್ತಿ ಎದೆ ನೋಡಿ ಸುಮನಾ. ಉಸಿರು ಎಳೆಯುವಾಗ ಪಕ್ಕೆಯ ಅಡಿಯಲ್ಲಿ ಚರ್ಮ ಒಳಗೆ ಹೋಗ್ತದಾ? ಮೂಗಿನ ಹೊಳ್ಳೆ ಅಗಲ ಆಗ್ತದಾ? ಬೆಳಿಗ್ಗೆಯಿಂದ ಬಟ್ಟೆ ಒದ್ದೆ ಮಾಡಿದ್ದಾಳಾ?" ನಾವು ಅಂಗಿ ಎತ್ತಿದೆವು. ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಸೆಳೆದು ಗುಳಿಬೀಳುತ್ತಿತ್ತು. ಅಂಗಿಯ ಹೂಗಳ ಅಡಿಯಲ್ಲಿ ಅಷ್ಟೊಂದು ಕಷ್ಟಪಡುತ್ತಿತ್ತು ಆ ಪುಟ್ಟ ಎದೆ, ನಾವು ಮೇಲೆ ಕುಳಿತು ಸೊಸೆಯ ಸುದ್ದಿ ಮಾತಾಡುತ್ತಿದ್ದೆವು. ಬಟ್ಟೆಯೂ ಒಣಗಿಯೇ ಇತ್ತು.

ಹರೀಶ ಮೀನಿನ ಕೈ ತೊಳೆಯದೆಯೇ ಬಂದು ನಿಂತಿದ್ದ. ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ 'ಅದು' ಎಂಬ ಒಂದು ಸರ್ವನಾಮವಿದೆ. ಅದಕ್ಕೆ ನಾಮಪದವಿಲ್ಲ, ಇದ್ದರೂ ಯಾರೂ ಉಚ್ಚರಿಸುವುದಿಲ್ಲ. 'ಅದು ಯಾವಾಗ ಅಂತ ಹೇಳಲಿಕ್ಕೆ ಆಗುವುದಿಲ್ಲ' ಎಂದು ದೊಡ್ಡ ಡಾಕ್ಟರು ಹೇಳಿದಾಗಿನಿಂದ ಅದು ಮನೆಯೊಳಗೇ ಎಲ್ಲೋ ಇದೆ. ಅದು ಬಂದ ದಿನ ಮಗಳನ್ನು ನಳಿಗೆ, ಸೂಜಿಗೆ, ಯಂತ್ರಗಳಿಗೆ ಒಪ್ಪಿಸುವುದಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಳ್ಳುತ್ತೇನೆ ಎಂದು ಹರೀಶ ತನ್ನಷ್ಟಕ್ಕೇ ನಿಶ್ಚಯಿಸಿಕೊಂಡಿದ್ದ, ನಮಗೂ ಹೇಳಿದ್ದ. ಈಗ ಅವನು ಫೋನಿನ ಹತ್ತಿರ ಬಗ್ಗಿ, "ಸಿಸ್ಟರ್, ಇದು... ಅದುವಾ?" ಎಂದು ಕೇಳಿದ. ಅವನ ಧ್ವನಿ ಅಷ್ಟು ಸಣ್ಣದಾದುದನ್ನು ನಾನು ಕೇಳಿರಲಿಲ್ಲ.

ಆ ಕ್ಷಣದಲ್ಲಿ ಎರಡು ತಪ್ಪುಗಳು ಬಾಗಿಲ ಎರಡೂ ಕಡೆ ನಿಂತಿದ್ದವು. ಅದೇ ಆಗಿದ್ದರೆ ಆಸ್ಪತ್ರೆಗೆ ಓಡುವುದು ಮಗುವಿಗೆ ಸುಮ್ಮನೆ ಹಿಂಸೆ. ಅದಲ್ಲದಿದ್ದರೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳುವುದೇ ಹಿಂಸೆ. ಗಿರಿಜಕ್ಕ ಕಣ್ಣೊರೆಸುತ್ತ, "ಬಿಡಿ ಮಕ್ಕಳೇ, ಪಾಪದ ಜೀವ, ನೆಮ್ಮದಿಯಿಂದ ಹೋಗಲಿ" ಎಂದರು. ಪ್ರೀತಿಯಿಂದಲೇ ಹೇಳಿದರು, ನನಗೆ ಮಾತ್ರ ಆ ಶಬ್ದದ ಮೇಲೆ ಜೀವಮಾನದಲ್ಲಿ ಬಾರದ ಸಿಟ್ಟು ಬಂತು.

"ನನಗೆ ಗೊತ್ತಿಲ್ಲ ಹರೀಶಣ್ಣ, ಸುಳ್ಳು ಹೇಳುವುದಿಲ್ಲ" ಎಂದರು ಲವೀನಾ. "ಆದರೆ ದೊಡ್ಡ ಕಾಯಿಲೆ ಉಂಟು ಅಂತ ಹೇಳಿ ಸಣ್ಣ ಕಾಯಿಲೆಗಳು ಆ ಮನೆಗೆ ಬರದೆ ಇರ್ತವಾ? ನಿನ್ನೆ ಮೊನ್ನೆ ಸರಿ ಇದ್ದವಳು ಒಂದೇ ದಿನದಲ್ಲಿ ಹೀಗಾದರೆ ಹೊಸತು ಎಂತದ್ದೋ ಉಂಟು ಅಂತ ಲೆಕ್ಕ. ನೋಡುವ. ಗುಣ ಆಗುವಂಥದ್ದಾದರೆ ಗುಣ ಮಾಡುವ. ಅಲ್ಲದಿದ್ದರೆ ಅವಳಿಗೆ ಉಸಿರು ಕಟ್ಟದ ಹಾಗೆ ನಾನು ನೋಡಿಕೊಳ್ತೇನೆ, ಮನೆಗೇ ಕರಕೊಂಡು ಬರುವ. ಈಗ ಮಣಿಪಾಲದ ಆಸ್ಪತ್ರೆಗೆ ಹೊರಡಿ. ಬಾಯಿಗೆ ಎಂತದ್ದೂ ಹಾಕಬೇಡಿ, ತಲೆ ಎತ್ತರಿಸಿ ಹಿಡಿದುಕೊಳ್ಳಿ. ನಾನು ಅಲ್ಲಿಗೇ ಬರ್ತೇನೆ."

ಹರೀಶ ಅಂಗಿ ಹಾಕಿಕೊಂಡ. ಗಿರಿಜಕ್ಕ ಮೊದಲು ಹೇಳಿದ್ದನ್ನು ತಾವೇ ಮರೆತು, "ಬೇಗ ಹೋಗಿ ಮಾರಾಯ್ರೇ, ಮೀನು ನಾನು ನೋಡಿಕೊಳ್ತೇನೆ" ಎಂದು ಗೇಟು ತೆರೆದರು. ಬಾಡಿಗೆ ಕಾರು ಹಿಡಿದು ಹೊರಟೆವು, ಹೆದ್ದಾರಿಯಲ್ಲಿ ಬಿಸಿಲು ಕುದಿಯುತ್ತಿತ್ತು. ಕಟಪಾಡಿಯ ಜಂಕ್ಷನ್ನಿನಲ್ಲಿ ಮದುವೆಯ ದಿಬ್ಬಣದ ಬಸ್ಸುಗಳು ಅಡ್ಡಡ್ಡ ನಿಂತು, ರಿಕ್ಷಾದವರು ಅವುಗಳ ನಡುವೆ ನುಸುಳಿ, ಯಾರೂ ಎಲ್ಲಿಗೂ ಹೋಗಲಾಗದೆ ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು. ಅಷ್ಟು ಹಾರ್ನಿಗೂ ಚಿನ್ನು ಹುಬ್ಬು ಗಂಟಿಕ್ಕಲಿಲ್ಲ. ತಂಗಿ ಅವಳನ್ನು ಎದೆಗೆ ಒರಗಿಸಿಕೊಂಡು, 'ಬೈಯಿ ಮಗಾ, ಬೈಯಿ' ಎಂದು ತುಳುವಿನಲ್ಲಿ ಪಿಸುಗುಟ್ಟುತ್ತಿದ್ದಳು. ಹಾಗೆಯೇ ಉಡುಪಿ ದಾಟಿ ಮಣಿಪಾಲದ ಏರು ಹತ್ತಿದೆವು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಮೊದಲು ಆಮ್ಲಜನಕ ಹಚ್ಚಿಸಿ, ಆಮೇಲೆ ಚಿನ್ನುವಿನ ಕೈಕಾಲುಗಳನ್ನು ನೋಡಿ, ನಿಲ್ಲದ ಕುತ್ತಿಗೆಯನ್ನು ನೋಡಿ, ಸಹಜವಾಗಿಯೇ ಕೇಳಿದರು: "ಮಗು ಯಾವಾಗಲೂ ಹೀಗೇ ಇರ್ತದಾ?" ಎಷ್ಟೋ ವರ್ಷಗಳಿಂದ 'ಹಾಗೇ ಉಂಟು' ಎಂದು ಹೇಳಿ ಅಭ್ಯಾಸವಾದ ನಾಲಿಗೆ ತಂಗಿಯದು. "ಇಲ್ಲ ಡಾಕ್ಟ್ರೇ" ಎಂದಳು ಅವಳು. "ಇವಳು ಜೋರು. ನಾನು ಮಿಕ್ಸಿ ಹಾಕಿದರೆ ಬೈಯುತ್ತಾಳೆ. ಇವರ ಬೈಕಿನ ಸದ್ದು ಕೇಳಿದರೆ ನಗುತ್ತಾಳೆ. ಸ್ನಾನದ ನೀರು ತಣ್ಣಗಿದ್ದರೆ ಬೀದಿಗೆ ಕೇಳುವ ಹಾಗೆ ಬೊಬ್ಬೆ ಹೊಡೀತಾಳೆ. ನಿನ್ನೆ ಸಂಜೆಯಿಂದ ಎಂತದ್ದೂ ಇಲ್ಲ." ಡಾಕ್ಟರಮ್ಮ ಒಮ್ಮೆ ತಲೆಯೆತ್ತಿ ತಂಗಿಯ ಮುಖ ನೋಡಿದರು, ಆಮೇಲೆ ಕೆಲಸ ಬೇಗ ಬೇಗ ನಡೆಯಿತು. ನನ್ನ ವೃತ್ತಿಯಲ್ಲಿ ಎಷ್ಟೋ ವ್ಯಕ್ತಿಚಿತ್ರಗಳನ್ನು ಪಾಠ ಮಾಡಿದ್ದೇನೆ. ಒಂದು ಹುಡುಗಿಯನ್ನು ಇಷ್ಟು ಕೆಲವೇ ಮಾತುಗಳಲ್ಲಿ ಎದುರಿಗೆ ತಂದು ನಿಲ್ಲಿಸಿದ್ದನ್ನು ಕೇಳಿದ್ದು ಅದೇ ಮೊದಲು.

ಲವೀನಾ ಬರುವಷ್ಟರಲ್ಲಿ ಎಕ್ಸ್‌ರೇ ಬಂದಿತ್ತು. ನ್ಯುಮೋನಿಯಾ. ನುಂಗುವಾಗ ಒಂದಿಷ್ಟು ಗಂಜಿಯ ತಿಳಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದಿರಬೇಕು, ಅಲ್ಲಿ ಸೋಂಕು ಹಿಡಿದಿದೆ ಎಂದರು ಡಾಕ್ಟರಮ್ಮ. ಹರೀಶ ಗೋಡೆಗೆ ಒರಗಿಕೊಂಡೇ ಕೇಳಿದ, "ಅವಳ ಆ ಕಾಯಿಲೆ ಜಾಸ್ತಿ ಆದದ್ದಲ್ವಾ?" ಡಾಕ್ಟರಮ್ಮ ಲವೀನಾರನ್ನು ಒಮ್ಮೆ ನೋಡಿ, "ಸುಲಭ ಅಂತ ಹೇಳುವುದಿಲ್ಲ, ಎರಡು ದಿನ ನೋಡಬೇಕು. ಆದರೆ ಇದಕ್ಕೆ ಮದ್ದು ಉಂಟು. ನ್ಯುಮೋನಿಯಾ ಯಾವ ಮಗುವಿಗೂ ಬರುವಂಥದ್ದೇ" ಎಂದರು.

ಯಾವ ಮಗುವಿಗೂ! ಓದುಗ ಮಿತ್ರರೇ, ಮಗಳಿಗೆ ನ್ಯುಮೋನಿಯಾ ಎಂದು ಕೇಳಿ ಒಬ್ಬ ಅಪ್ಪ ನಕ್ಕದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಹರೀಶ ನಕ್ಕ, ನಗುತ್ತಲೇ ಅತ್ತ, ಅಳುತ್ತಲೇ ಕೆಳಗೆ ಹೋಗಿ ನಮಗೆಲ್ಲ ಚಹಾ ಮತ್ತು ಬನ್ಸ್ ಕಟ್ಟಿಸಿಕೊಂಡು ಬಂದ. ಅವನ ಕೈಯಲ್ಲಿ ಇನ್ನೂ ಬಂಗುಡೆಯ ವಾಸನೆ ಇತ್ತು, ಬನ್ಸಿಗೂ ಹತ್ತಿಕೊಂಡಿತ್ತು, ನಾವು ಸೊಲ್ಲೆತ್ತದೆ ತಿಂದೆವು. ಈ ಮಗು ಹುಟ್ಟಿದಂದಿನಿಂದ ಅವಳದೆಲ್ಲವೂ ಅಪರೂಪವೇ. ಹೆಸರು ಹೇಳಲು ನಾಲಿಗೆ ತೊಡರುವ ಕಾಯಿಲೆ, ಎಲ್ಲೆಲ್ಲಿಗೋ ಕಳುಹಿಸಬೇಕಾದ ಪರೀಕ್ಷೆಗಳು, ಡಾಕ್ಟರುಗಳು ತಮ್ಮ ಶಿಷ್ಯರನ್ನು ಕರೆದು ತೋರಿಸುವ ಕಣ್ಣುಗಳು. ಈಗ ಮೊದಲ ಬಾರಿಗೆ ಅವಳಿಗೆ ಎಲ್ಲರ ಮನೆಯ ಮಕ್ಕಳಿಗೂ ಬರುವ ಒಂದು ಕಾಯಿಲೆ ಬಂದಿತ್ತು, ಎಲ್ಲರ ಮನೆಯ ಮಕ್ಕಳಿಗೂ ಕೊಡುವ ಮದ್ದು ಅದಕ್ಕೆ ಸಾಕಾಗುವಂತಿತ್ತು. ಇದಕ್ಕೆ ಸಂತೋಷಪಡಬಹುದೇ ಎಂದು ನಾನು ಯಾರನ್ನೂ ಕೇಳಲಿಲ್ಲ, ನನಗೆ ಬಹಳ ಸಂತೋಷವಾಯಿತು.

'ಅದು' ಹೋಯಿತೆಂದಲ್ಲ. ಅದು ನಮ್ಮ ಮನೆಯಲ್ಲೇ ಇದೆ, ಒಂದು ದಿನ ಎದ್ದು ಬರುತ್ತದೆ, ಆ ದಿನ ಹರೀಶನ ತೊಡೆ ಇದೆ, ಲವೀನಾ ಇದ್ದಾರೆ. ಆದರೆ ಆ ದಿನ ಬರುವ ತನಕ ಬೇರೆ ಪ್ರತಿಯೊಂದಕ್ಕೂ ಅದರ ಹೆಸರು ಇಡುವುದು ಬೇಡ ಎನ್ನುವಷ್ಟು ವ್ಯಾಕರಣ ನಮಗೆ ತಿಳಿಯಿತು. ಒಂದು ಸರ್ವನಾಮ ಸಿಕ್ಕಿಬಿಟ್ಟರೆ ಮನುಷ್ಯರಿಗೆ ನಾಮಪದ ಹುಡುಕುವ ಶ್ರಮ ಬೇಡವಾಗುತ್ತದೆ, ಇದನ್ನು ನಾನು ಕಾಲೇಜಿನಲ್ಲಿಯೂ ಕಂಡಿದ್ದೇನೆ.

ಮೂರನೆಯ ದಿನ ಸೂಜಿ ಬದಲಿಸಲು ಬಂದ ದಾದಿಗೆ ಚಿನ್ನು ಎಂಥ ಬೊಬ್ಬೆ ಹೊಡೆದಳೆಂದರೆ ಪಕ್ಕದ ಹಾಸಿಗೆಯ ಮಗು ಬೆಚ್ಚಿಬಿದ್ದು ಅದೂ ಶುರು ಮಾಡಿತು, ಅದರಾಚೆಯದೂ ಶುರು ಮಾಡಿತು. ಇಡೀ ವಾರ್ಡು ಗಲಾಟೆಯಿಂದ ತುಂಬಿಹೋಗಿರುವಾಗ ಸುಮನಾ, ಹರೀಶ ಮತ್ತು ನಾನು ಮಂಚದ ಮೂರು ಕಡೆ ನಿಂತು ಹಲ್ಲು ಕಿರಿಯುತ್ತಿದ್ದೆವು. ಪಕ್ಕದ ಹಾಸಿಗೆಯ ತಾಯಿ ನಮ್ಮನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ, ಅವರಿಗೆ ವಿವರಿಸಲು ಹೋಗಲಿಲ್ಲ.

ಮನೆಗೆ ಬಂದ ಮೇಲೂ ಕೆಲವು ದಿನ ಸಿರಪ್ಪು ಕೊಡಬೇಕಿತ್ತು. ಗುಲಾಬಿ ಬಣ್ಣದ, ವಾಸನೆಗೇ ಬೇಡವೆನಿಸುವ ಮದ್ದು. ಚಿನ್ನುವಿನ ತಲೆ ಎತ್ತರಿಸಿ ನಾನು ಹಿಡಿದುಕೊಂಡೆ, ತಂಗಿ ಹನಿಹನಿಯಾಗಿ ಕೆನ್ನೆಯ ಒಳಗೆ ಬಿಟ್ಟಳು. ಚಿನ್ನು ಅದನ್ನು ಬಾಯಲ್ಲೇ ಇಟ್ಟುಕೊಂಡಳು. ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಆಮೇಲೆ ಅಷ್ಟನ್ನೂ ಒಂದೇ ಉಸಿರಿಗೆ ತುಪುಕ್ಕೆಂದು ಉಗಿದಳು, ನನ್ನ ಸೀರೆಗೆ, ಅಮ್ಮನ ಮುಖಕ್ಕೆ, ಹಾಸಿಗೆಗೆ, ಗೋಡೆಗೆ. ಅಷ್ಟು ಉಸಿರು ಆ ಎದೆಯಲ್ಲಿ ಎಲ್ಲಿತ್ತೋ!

ಹುಟ್ಟಿದಂದಿನಿಂದ ಆ ಮಗುವನ್ನು ಯಾರೂ ಗದರಿದ್ದಿಲ್ಲ. ಗದರುವುದು ಹೇಗೆ? ಬಂದವರೆಲ್ಲ ತಲೆ ಸವರಿ, ಕಣ್ಣು ಒದ್ದೆ ಮಾಡಿಕೊಂಡು ಹೋಗುತ್ತಿದ್ದರು, ನಾವೂ ಅವರಿಗಿಂತ ಬೇರೆಯಾಗಿರಲಿಲ್ಲ. ಸುಮನಾ ಕೆನ್ನೆಯ ಮೇಲಿನ ಗುಲಾಬಿ ನೀರನ್ನು ಒರೆಸಿಕೊಳ್ಳದೆ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟಳು.

"ಎಂತ ಪೋಕ್ರಿ ಹೆಣ್ಣು ಮಾರಾಯ್ತಿ ನೀನು! ಪೆಟ್ಟು ಬೇಕಾ ನಿಂಗೆ?" ಎಂದು ಬೀದಿಗೆ ಕೇಳುವ ಹಾಗೆ ಗದರಿದಳು.

ಚಿನ್ನು ಗಟ್ಟಿಯಾಗಿ ನಕ್ಕಳು. ತಂಗಿ ಬಾಟಲಿಯ ಮುಚ್ಚಳ ತೆಗೆದು ಮತ್ತೊಮ್ಮೆ ಮದ್ದು ಅಳೆದಳು.